ನನ್ನ ಮೈಮೇಲೆ ಬಂದ ಕಾರ್ಬಾನಿಕ್

ಇಂಗ್ಲಿಷಿನವರು ಜಾಣರು. ಏರ್ ಅಂದರೆ ಏರ್, ಗೋಸ್ಟ್ ಅಂದರೆ ಗೋಸ್ಟ್. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿಟ್ಟಿದ್ದಾರೆ. ನಾವು ಕನ್ನಡದವರು ಎರಡಕ್ಕೂ ಗಾಳಿ ಎಂದೇ ಅನ್ನುತ್ತೇವೆ. ಸಂಜೆ ಜಗಲಿಯಲ್ಲಿ ಕೂತು ಸೇವಿಸುವುದೂ ಗಾಳಿ, ಹುಣಸೆಮರದ ಕೆಳಗೆ ಹೋದವರನ್ನು ಮೆಟ್ಟಿಕೊಳ್ಳುವುದೂ ಗಾಳಿ. ಈ ಒಂದು ಪದದ ದೆಸೆಯಿಂದ, ಮೈಸೂರಿನ ಕಾನ್ವೆಂಟಿನಲ್ಲಿ ಸೈನ್ಸ್ ಪ್ರೈಜ್ ತೆಗೆದುಕೊಂಡಿದ್ದ ನಾನು ಬೇವಿನ ಸೊಪ್ಪಿನಲ್ಲಿ ಹೊಡೆಸಿಕೊಳ್ಳಬೇಕಾಯಿತು.

ಮಹಾರಾಜರ ಕಾಲ. ಬೆಟ್ಟದಪುರದ ಹತ್ತಿರದ ಹಳ್ಳಿಗೆ ನನ್ನನ್ನು ಕೊಟ್ಟಿದ್ದರು. ತಾಯಿಯಿಲ್ಲದವಳಾದ್ದರಿಂದ ಚೊಚ್ಚಲ ಬಾಣಂತನವೂ ಅತ್ತೆಮನೆಯಲ್ಲೇ ಆಯಿತು. ನಮ್ಮತ್ತೆಯವರು ಪ್ರೀತಿಯ ಜೀವ, ಆದರೆ ಅವರ ಪ್ರೀತಿಗೆ ವೆಂಟಿಲೇಶನ್ ಇರಲಿಲ್ಲ. ಬಾಣಂತಿ ಕೋಣೆಗೆ ಇದ್ದದ್ದೇ ಒಂದು ಪುಟ್ಟ ಕಿಟಕಿ. ಅದಕ್ಕೆ ಗೋಣಿ ತುರುಕಿ, ಮೇಲೊಂದು ಕಂಬಳಿ ಜಡಿದಿದ್ದರು. ಬಾಗಿಲು ಸದಾ ಮುಚ್ಚಿರಬೇಕು. ನನ್ನ ಕಿವಿಯಲ್ಲಿ ಹತ್ತಿ, ತಲೆಗೆ ವಸ್ತ್ರ, ಮಂಚದ ಕೆಳಗೆ ಇದ್ದಿಲು ನಿಗಿನಿಗಿ ಉರಿಯುವ ಅಗ್ಗಿಷ್ಟಿಕೆ. ಆನೆಸ್ಟ್‌ಲಿ, ಹಲಸಿನ ಹಣ್ಣನ್ನು ಹೀಗೆಯೇ ಮಾಗಲು ಇಡುತ್ತಾರೆ.

ಕೆಲವೇ ದಿನಕ್ಕೆ ತಲೆನೋವು ಹಿಡಿಯಿತು. ಎದ್ದು ಕೂತರೆ ಕೋಣೆ ಬುಗುರಿಯಂತೆ ತಿರುಗುತ್ತಿತ್ತು. ಅದನ್ನಾದರೂ ತಡೆಯಬಹುದಿತ್ತು, ಆದರೆ ಕೂಸು ಎರಡು ಗುಟುಕು ಹಾಲು ಕುಡಿಯುವಷ್ಟರಲ್ಲಿ ಮಂಕಾಗಿ ಜೋತುಬೀಳುತ್ತಿತ್ತು. ಅಳುವುದನ್ನೇ ಮರೆತಂತಿತ್ತು. ನನಗೆ ದಿಗಿಲಾಯಿತು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಜಾರ್ ಬೋರಲು ಹಾಕಿ ತೋರಿಸಿದ್ದರು. ಬತ್ತಿ ಸ್ವಲ್ಪ ಹೊತ್ತು ಬಡಬಡಿಸಿ ತೆಪ್ಪಗಾಗಿತ್ತು. ಆಗ ಚಪ್ಪಾಳೆ ತಟ್ಟಿದ್ದೆ. ಈಗ ಜಾರಿನೊಳಗೆ ನಾನು ಮತ್ತು ನನ್ನ ಮಗಳು.

"ಅತ್ತೆಮ್ಮ, ಪ್ಲೀಸ್, ಆ ಕಿಟಕಿ ತೆಗೀರಿ" ಎಂದೆ.

"ಬಾಣ್ತಿಗೆ ಗಾಳಿ ಸೋಕ್ಬುಟ್ಟದು, ಸುಮ್ಕಿರವ್ವ. ಅದೇನ್ ಕಣ್ಗೆ ಕಾಣ್ತದಾ, ಮೂಗ್ಗೆ ತಿಳೀತದಾ? ಸದ್ದಿಲ್ದಂಗೆ ಬಂದು ತಲೆ ಹಿಡ್ಕತದೆ."

ನಾನು ಸುಮ್ಮನಿರುವವಳೇ? ಮಲಗಿದಲ್ಲೇ ಪಾಠ ಶುರು ಮಾಡಿದೆ. "ಗಾಳಿ ಅಂದ್ರೆ ಒಂದಲ್ಲ ಅತ್ತೆಮ್ಮ. ಅದರಲ್ಲಿ ನೈಟ್ರೋಜನ್ ಇದೆ, ಅದು ಪಾಪ, ಯಾರ ತಂಟೆಗೂ ಹೋಗಲ್ಲ. ಆಕ್ಸಿಜನ್ ಇದೆ, ಅದು ನಮ್ಮನ್ನ ಕಾಪಾಡತ್ತೆ. ಕಾರ್ಬಾನಿಕ್ ಆಸಿಡ್ ಗ್ಯಾಸ್ ಇದೆ, ಅದೇ ಕೆಟ್ಟದ್ದು. ಈ ಕೋಣೇಲಿ ಅದು ತುಂಬಿಕೊಂಡಿದೆ. ನನ್ನ ಮೈಯೊಳಗೂ ಹೋಗ್ತಾ ಇದೆ!"

ಅತ್ತೆಯವರು ಕೈಯಲ್ಲಿದ್ದ ಮೆಣಸಿನ ಸಾರಿನ ಬಟ್ಟಲನ್ನು ಅಲ್ಲೇ ಕುಕ್ಕಿದರು. "ಅಯ್ಯೋ ಸಿವ್ನೇ! ಒಂದಲ್ವಂತೆ, ಮೂರು ಮೆಟ್ಕಂಡವೆ! ಹೆಸ್ರೂ ಹೇಳ್ತಾವಳೆ!" ಎನ್ನುತ್ತ ಹೊರಗೋಡಿದರು.

ಜಗಲಿಯಲ್ಲಿದ್ದ ನನ್ನ ಯಜಮಾನರು, ಬಿ.ಎ. ಓದಿದವರು, ಪೇಪರಿನ ಮರೆಯಿಂದಲೇ "ಅಮ್ಮ ಹೇಳ್ದಂಗೆ ಕೇಳು" ಎಂದರು. ಬಿ.ಎ.ಯಲ್ಲಿ ಸೈನ್ಸ್ ಇರಲಿಲ್ಲವೆಂದು ಕಾಣುತ್ತದೆ.

ಗಾಳಿ ಬಿಡಿಸುವ ನಿಂಗಜ್ಜ ಬಂದ. ಬಾಣಂತಿ ಕೋಣೆಗೆ ಕಾಲಿಡುವಂತಿಲ್ಲವಾದ್ದರಿಂದ ಬಾಗಿಲು ಹಾರುಹೊಡೆದು ಹೊಸ್ತಿಲಾಚೆ ನಿಂತು, ಕೈ ಚಾಚಿ, ಬೇವಿನ ಸೊಪ್ಪಿನಲ್ಲಿ ಬಾಗಿಲ ಬಳಿ ಕೂರಿಸಿದ್ದ ನನ್ನ ಭುಜಕ್ಕೆ ಪಟಪಟ ಬಡಿದ. ಬಾಗಿಲು ತೆರೆದದ್ದೇ ತಡ, ಫ್ರೆಶ್ ಏರ್ ನುಗ್ಗಿ ನನ್ನ ತಲೆ ಹಗುರಾಯಿತು. ಕೂಸೂ ಒಮ್ಮೆ ಕಿರ್ರೆಂದಿತು. ಕ್ರೆಡಿಟ್ಟೆಲ್ಲ ಬೇವಿನ ಸೊಪ್ಪಿಗೆ!

"ಯಾರ್ಲಾ ನೀನು? ಹೆಸ್ರೇಳ್ಲಾ!" ಎಂದು ಅಜ್ಜ ಗದರಿದ.

ನನಗೆ ಆಗ ಜ್ಞಾನೋದಯವಾಯಿತು. ಸೊಸೆ ಹೇಳಿದರೆ ಈ ಮನೆಯಲ್ಲಿ ಕೇಳುವವರಿಲ್ಲ. ದೆವ್ವ ಹೇಳಿದರೆ ಎಲ್ಲರೂ ಕೈಕಟ್ಟಿ ನಿಂತು ಕೇಳುತ್ತಾರೆ. ಗಂಟಲು ದಪ್ಪ ಮಾಡಿಕೊಂಡು "ಕಾರ್ಬಾನಿಕ್!" ಎಂದೆ.

"ಎಲ್ಲಿಂದ ಬಂದ್ಯಲಾ?"

"ಅಗ್ಗಿಷ್ಟಿಕೆಯಿಂದ!"

"ಏನ್ ಕೊಟ್ರೆ ಓಗ್ತೀಯೆ? ಕೋಳಿಯಾ? ಕುರಿಯಾ?"

"ಕಿಟಕಿ!"

ಅಜ್ಜ ಸೊಪ್ಪು ಇಳಿಸಿದ. ಅವನ ಕಸುಬಿನಲ್ಲಿ ಕಿಟಕಿ ಕೇಳಿದ ದೆವ್ವ ಇದೇ ಮೊದಲು. ಅತ್ತೆಯವರ ಕಡೆ ತಿರುಗಿ, "ಕೋಳಿ ಉಳೀತು ಕಣವ್ವ, ಬಡಪಾಯಿ ದೆವ್ವ. ಓಗಕ್ಕೆ ದಾರಿ ಕೇಳ್ತಾದೆ, ಕೊಟ್ಬುಡು. ಆ ಬೆಂಕಿ ಎತ್ತಿ ಈಚೆಗಾಕು. ಬಾಣ್ತನ ಮುಗಿಯೋಗಂಟ ಕಿಟ್ಕಿ ಮುಚ್ಬ್ಯಾಡ, ತಿರ್ಗಾ ಬಂದದು" ಎಂದ.

ಗೋಣಿ, ಕಂಬಳಿ ಎಲ್ಲ ಹೊರಟವು. ಮಾರನೆಯ ದಿನ ನನ್ನ ಮಗಳು ಹಟ್ಟಿಯೇ ಕಿತ್ತುಹೋಗುವಂತೆ ಅತ್ತಳು. ಅಷ್ಟು ಇಂಪಾದ ಸಂಗೀತವನ್ನು ನಾನು ಮತ್ತೆ ಕೇಳಿಲ್ಲ.

ಇಷ್ಟಕ್ಕೇ ಸುಮ್ಮನಿದ್ದರೆ ನಾನು ಕಾನ್ವೆಂಟಿನವಳು ಹೇಗಾದೇನು? ಬಾಣಂತನ ಮುಗಿದ ಮೇಲೆ ಒಮ್ಮೆ ಪಿರಿಯಾಪಟ್ಟಣದ ಪೇಟೆಯಲ್ಲಿ ಅತ್ತೆಯವರು ತಮ್ಮ ಪ್ರಾಣಪ್ರಿಯವಾದ ಗೋಲಿಸೋಡಾ ಕುಡಿಯುತ್ತಿದ್ದಾಗ, "ಇದರಲ್ಲಿರೋದೂ ಅದೇ ಕಾರ್ಬಾನಿಕ್ ಅತ್ತೆಮ್ಮ" ಎಂದುಬಿಟ್ಟೆ. ಅವರು ಬಾಟಲಿಯನ್ನು ದೂರ ಹಿಡಿದು ನೋಡಿದರು. "ಅದ್ಕೇ ಗೋಲಿ ತುರ್ಕಿ ಕೂಡಾಕವ್ರೆ! ಯಾವಳ್ ಮೈಮ್ಯಾಲಿಂದ ಬುಡಿಸಿದ್ದೋ ಏನೋ. ನಾನ್ ಕುಡಿಯಾಕಿಲ್ಲ, ತಗಳಪ್ಪ!" ಎಂದು ಅಂಗಡಿಯವನಿಗೆ ವಾಪಸು ಕೊಟ್ಟರು. ಆಮೇಲೆ ಅವರು ಸೋಡಾ ಮುಟ್ಟಲೇ ಇಲ್ಲ, ಪೂರ್ ಡಿಯರ್.

ಮೊನ್ನೆ ಈ ಕಥೆಯನ್ನು ಕೆಮಿಸ್ಟ್ರಿ ಓದುವ ಮೊಮ್ಮಗಳಿಗೆ ಹೆಮ್ಮೆಯಿಂದ ಹೇಳಿದೆ. ಅವಳು ನಗಲಿಲ್ಲ. "ಅಜ್ಜಿ, ನಿಮ್ಮ ಕಾರ್ಬಾನಿಕ್ ಅಂದ್ರೆ ಕಾರ್ಬನ್ ಡೈಆಕ್ಸೈಡ್. ನಿಮ್ಮನ್ನ ಹಿಡಿದಿದ್ದು ಅದಲ್ಲ, ಕಾರ್ಬನ್ ಮೊನಾಕ್ಸೈಡ್. ಮುಚ್ಚಿದ ಕೋಣೇಲಿ ಇದ್ದಿಲು ಉರಿಸಿದ್ರೆ ಬರೋದು ಅದು. ಬಣ್ಣ ಇಲ್ಲ, ವಾಸನೆ ಇಲ್ಲ, ಗೊತ್ತಾಗದ ಹಾಗೆ ಬರತ್ತೆ. ನೀವಿಬ್ರೂ ಉಳಿದಿದ್ದೇ ಹೆಚ್ಚು" ಎಂದಳು.

ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು ಎಂದು ಅತ್ತೆಯವರು ಅದರ ಚಹರೆಯನ್ನು ಸರಿಯಾಗಿಯೇ ಹೇಳಿದ್ದರು. ಹೆಸರು ತಪ್ಪು ಹೇಳಿದವಳು ಸೈನ್ಸ್ ಪ್ರೈಜಿನವಳು.

ಮೊಮ್ಮಗಳು ಸಮಾಧಾನಕ್ಕೆಂದು ಸೋಡಾ ತರಿಸಿಕೊಟ್ಟು ಒಳಗೆ ಹೋದಳು. ತೆರೆದೊಡನೆ ಬುಸ್ಸೆಂದು ಗ್ಯಾಸ್ ಮೇಲೆದ್ದಿತು. ಸುತ್ತ ಯಾರೂ ಇಲ್ಲವೆಂದು ಖಚಿತಮಾಡಿಕೊಂಡು, ಎದ್ದು ಹೋಗಿ ಕಿಟಕಿ ತೆರೆದೆ. "ತಪ್ಪಾಯ್ತಪ್ಪ ಕಾರ್ಬಾನಿಕ್," ಎಂದೆ, "ನೀನಲ್ವಂತೆ, ಹೋಗಿ ಬಾ."