ತಿರುಪತಿಗೆ ಹೋಗದ ಮುಡಿ

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು; ನನಗದು ಇಲ್ಲ. ಚಿಕ್ಕಂದಿನಲ್ಲಿ ಹೊಟ್ಟೆನೋವೆಂದು ಶಾಲೆ ತಪ್ಪಿಸಿ, ಅದೇ ಮಧ್ಯಾಹ್ನ ಹುಳಿಯನ್ನ ಎರಡನೇ ಸಲ ಬಡಿಸಿಕೊಂಡು ಸಿಕ್ಕಿಬಿದ್ದವನು ನಾನು. ಅಂಥವನು ನಲವತ್ತೆಂಟನೇ ವಯಸ್ಸಿನಲ್ಲಿ, ಅದೂ ಕ್ಯಾನ್ಸರ್ ಬಂದಿರುವಾಗ, ತಿಮ್ಮಪ್ಪನ ಹೆಸರಿನಲ್ಲಿ ಸುಳ್ಳು ಹೇಳಹೋದದ್ದು ದುಸ್ಸಾಹಸವೇ ಸರಿ.

ಎರಡನೇ ಕೀಮೋ ಆಗುವ ಹೊತ್ತಿಗೆ ನನ್ನ ಕೂದಲು ದಿಂಬಿನ ಮೇಲೆ, ಅಂಗಿಯ ಕಾಲರಿನಲ್ಲಿ, ಕೊನೆಗೆ ಮೊಸರನ್ನದಲ್ಲೂ ಸಿಕ್ಕಿತು. ಅವತ್ತೇ ನನ್ನ ಹೆಂಡತಿ ಸುಧಾ, ಕೋವಿಡ್ ಕಾಲದಲ್ಲಿ ಸಲೂನ್‌ಗಳು ಮುಚ್ಚಿದ್ದಾಗ ಕೊಂಡಿದ್ದ ಟ್ರಿಮ್ಮರ್ ಹುಡುಕಿ ತಂದು ಗರಾಜಿನಲ್ಲಿ ಕುರ್ಚಿ ಹಾಕಿದಳು. ಆಗ ನನ್ನ ಕಿವಿಗೆ ಎರಡು ಸಲ ಗಾಯ ಮಾಡಿದ್ದವಳು ಈ ಸಲ ಒಂದು ಗೀರೂ ಆಗದಂತೆ ಬೋಳಿಸಿದಳು. ಆಮೇಲೆ ಪೊರಕೆ ಹಿಡಿದು, ಆ ಕಡೆ ತಿರುಗಿಕೊಂಡು, ಬಹಳ ಹೊತ್ತು ಗುಡಿಸಿದಳು. ಅಷ್ಟೊಂದು ಕೂದಲು ನನ್ನ ತಲೆಯಲ್ಲಿ ಇರಲೇ ಇಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಕಾಯಿಲೆ ಗೊತ್ತಾದ ದಿನವಲ್ಲ, ಅವತ್ತು.

ನಮ್ಮವರಲ್ಲಿ ಗಂಡಸು ತಲೆ ಬೋಳಿಸಿಕೊಂಡರೆ ಎರಡೇ ಅರ್ಥ: ಹೆತ್ತವರಲ್ಲಿ ಯಾರೋ ತೀರಿಕೊಂಡಿದ್ದಾರೆ, ಇಲ್ಲವೇ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದಾನೆ. ಅಮೆರಿಕದಲ್ಲಿ ನಾವಿರುವ ಡುಲುತ್‌ನ ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದಾಗ ಎದುರಾದ ಶೋಭಾ ಆಂಟಿ ಮೊದಲನೆಯದನ್ನೇ ಹಿಡಿದರು. ಮೈಸೂರಿನಲ್ಲಿ ನನ್ನ ಅಮ್ಮ ಇರುವುದು ಅಕ್ಕನ ಮನೆಯಲ್ಲಿ. ಅದೇ ಬೀದಿಯಲ್ಲಿ ಈ ಆಂಟಿಯ ತಂಗಿಯ ಮನೆ.

"ಅಯ್ಯೋ, ಅಮ್ಮ ಹೋಗ್ಬಿಟ್ರಾ? ನಮ್ಮ ತಂಗಿನೂ ಹೇಳ್ಲಿಲ್ವಲ್ಲಪ್ಪ" ಎನ್ನುವಾಗ ಅವರ ಕಣ್ಣು ಒದ್ದೆಯಾಗಿತ್ತು.

ಬದುಕಿರುವ ಅಮ್ಮನನ್ನು ಸಾಯಿಸಲು ಮನಸ್ಸು ಬರಲಿಲ್ಲ. ಕ್ಯಾನ್ಸರ್ ಎನ್ನಲು ಬಾಯಿ ಬರಲಿಲ್ಲ. "ಇಲ್ಲ ಆಂಟಿ, ತಿರುಪತಿ" ಎಂದೆ.

"ಹೌದಾ? ವಾಪಸ್ ಬರೋಕೆ ವೀಸಾ ಸ್ಟಾಂಪಿಂಗ್ ಡೇಟ್ ಹೇಗ್ ಸಿಕ್ತು? ನಮ್ಮ ಅಳಿಯ ವರ್ಷದಿಂದ ಟ್ರೈ ಮಾಡ್ತಿದಾನೆ, ಇಂಡಿಯಾಗೆ ಹೋಗೋಕೇ ಆಗಿಲ್ಲ." ಅದಕ್ಕೂ ಏನೋ ಒಂದು ಹೇಳಿದೆ. "ಲಾಡು ತಂದಿದೀರ ತಾನೆ? ವೀಕೆಂಡ್ ಬಂದು ಪಿಕಪ್ ಮಾಡ್ಕೋತೀನಿ."

ಮನೆಗೆ ಬಂದು ಸುಧಾಳ ಮುಂದೆ ಮೆಲ್ಲನೆ ಲಾಡಿನ ಮಾತೆತ್ತಿದೆ. "ಸುಳ್ಳು ನಿಮ್ದು, ಲಾಡು ನಂದಾ? ನಾನು ಕಟ್ಟಲ್ಲ" ಎಂದಳು. ಶನಿವಾರ ಆಂಟಿ ಬೆಲ್ ಒತ್ತಿದಾಗ ನಾವಿಬ್ಬರೂ ಕರ್ಟನ್ ಎಳೆದು ಉಸಿರು ಬಿಗಿಹಿಡಿದು ಕೂತಿದ್ದೆವು.

ಅಮ್ಮನಿಗೆ ಕಾಯಿಲೆಯ ವಿಷಯ ತಿಳಿಸಿರಲಿಲ್ಲ. ಎಂಬತ್ತು ದಾಟಿದ ಜೀವ ತಡೆದುಕೊಳ್ಳಲಾರದೆಂದು ನಾನೂ ಅಕ್ಕನೂ ತೀರ್ಮಾನಿಸಿದ್ದೆವು. ಭಾನುವಾರದ ವಿಡಿಯೋ ಕಾಲ್‌ಗೆ ಉಣ್ಣೆಯ ಟೋಪಿ ಹಾಕಿಕೊಂಡು ಕೂರುತ್ತಿದ್ದೆ. "ಜುಲೈನಲ್ಲೂ ಚಳಿನೇನೋ ಅಲ್ಲಿ?" ಎಂದರೆ "ಏಸಿ ಜಾಸ್ತಿಯಮ್ಮ" ಎನ್ನುತ್ತಿದ್ದೆ. ಆದರೆ ಡುಲುತ್‌ನಿಂದ ಆ ಬೀದಿಗೆ ಸುದ್ದಿ ಮುಟ್ಟಲು ಒಂದು ವಾರವೂ ಬೇಕಾಗಲಿಲ್ಲ. ಆ ಭಾನುವಾರ ಅಮ್ಮ ಮುಖ ಊದಿಸಿಕೊಂಡು ಕೂತಿದ್ದಳು.

"ತಿರುಪತಿ ತನಕ ಬಂದೋನಿಗೆ ಮೈಸೂರು ದೂರ ಆಯ್ತೇನೋ? ನಾನಿನ್ನೂ ಬದುಕಿದೀನಿ ಕಣೋ."

ಕಾಯಿಲೆಯ ಮಗನಾಗಿ ಅವಳನ್ನು ಅಳಿಸಬೇಕು, ಇಲ್ಲವೇ ಊರ ಹತ್ತಿರ ಬಂದೂ ತಾಯಿಯ ಮುಖ ನೋಡದ ಮಗನಾಗಿ ಉಳಿಯಬೇಕು. ಎರಡನೆಯದು ನನ್ನಿಂದಾಗಲಿಲ್ಲ. ಟೋಪಿ ತೆಗೆದು ಎಲ್ಲವನ್ನೂ ಹೇಳಿದೆ. ಹಿಂದೆ ನಿಂತಿದ್ದ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಮ್ಮ ಫೋನನ್ನು ಕಣ್ಣಿಗೆ ತೀರ ಹತ್ತಿರ ಹಿಡಿದಳು. ನನಗೆ ಅವಳ ಹಣೆ ಮಾತ್ರ ಕಾಣಿಸುತ್ತಿತ್ತು.

"ಅದು ನಾನು ಹೋದಾಗ ಬೋಳಿಸ್ಬೇಕಾದ ತಲೆ" ಎಂದಳು ಕೊನೆಗೆ. "ನಿಂದೇನೋ ಅಷ್ಟು ಅವಸರ? ಬೇಗ ಕೂದಲು ಬೆಳೆಸ್ಕೋ. ಅಲ್ಲೀವರೆಗೆ ನಾನು ಕಾಯ್ತೀನಿ."

ಹುಟ್ಟಿದಾಗಿನಿಂದ ಅಮ್ಮನ ಮಾತು ಕೇಳಿದವನಲ್ಲ ನಾನು. ಈಗ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತಲೆ ಸವರಿ ನೋಡುತ್ತೇನೆ. ಇನ್ನೂ ನುಣ್ಣಗೇ ಇದೆ. ಮೊನ್ನೆ ಸ್ಕ್ಯಾನ್ ವರದಿ ಹಿಡಿದು ಕೂತಿದ್ದ ಡಾಕ್ಟರು, ಏನಾದರೂ ಕೇಳುವುದಿದೆಯೇ ಎಂದರು. ವರದಿಯ ವಿಷಯ ಬಿಟ್ಟು, ಕೂದಲು ಯಾವಾಗ ಬರುತ್ತದೆಂದು ಕೇಳಿದೆ. ಈ ವಯಸ್ಸಿನಲ್ಲೂ ಇವನಿಗೆ ಎಂಥ ಶೋಕಿ ಎಂದುಕೊಂಡಿರಬೇಕು, ಆಕೆ ನಕ್ಕರು. ನಾನೂ ಶೋಕಿಯವನ ಹಾಗೆಯೇ ನಕ್ಕೆ. ಜೀವಮಾನದಲ್ಲಿ ಮೊದಲ ಸಲ, ಸಿಕ್ಕಿಬೀಳಲಿಲ್ಲ.