ಫ್ರಾನ್ಸಿನ ಡಬ್ಬಿ

ಮನೆಯಲ್ಲಿ ಅತಿ ಭಾರವಾದ ವಸ್ತು ಯಾವುದೆಂದು ಯಾರಾದರೂ ಕೇಳಿದರೆ ನಾನು ಫ್ರಿಜ್ ಅನ್ನುವುದಿಲ್ಲ, ನೆರೆಯವರ ಖಾಲಿ ಡಬ್ಬಿ ಅನ್ನುತ್ತೇನೆ. ತಿಂಡಿ ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ನಮ್ಮವ್ವ ಕಲಿಸಿದ್ದಳು. ಬ್ಯಾಡಗಿಯಲ್ಲಿ ಇದು ಕಷ್ಟವಾಗಿರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟರಾಯಿತು. ಅಮೆರಿಕದ ಈ ಪೋರ್ಟರ್ ರ್ಯಾಂಚಿನಲ್ಲಿ ಬಿಳಿ ಪುಡಿ ತುಂಬಿದ ಡಬ್ಬಿ ಹಿಡಿದು ಹೊಸಬರ ಬಾಗಿಲು ತಟ್ಟುವುದಕ್ಕೆ ಧೈರ್ಯ ಬೇಕು.

ಎದುರು ಮನೆಗೆ ಹೊಸದಾಗಿ ಬಂದ ಕ್ಲೋಡಿನ್ ಎಂಬಾಕೆ ‘ನಾವು ಫ್ರಾನ್ಸಿನವರು’ ಎಂದು ಪರಿಚಯ ಹೇಳಿಕೊಂಡು ಗೆಣಸಿನ ಕೇಕು ಕೊಟ್ಟು ಹೋಗಿದ್ದರು. ಕೇಕು ಎರಡು ದಿನದಲ್ಲಿ ಮುಗಿಯಿತು. ಡಬ್ಬಿ ಮಾತ್ರ ಮೂರು ವಾರ ಅಡುಗೆಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಕೋವಿಡ್ ಬಂದಾಗಿನಿಂದ ಮನೆಯಲ್ಲೇ ಕೂತು ಕೆಲಸ ಮಾಡುವವನು ನಾನು. ಹೆಂಡತಿ ಗಿರಿಜಾ ಆಸ್ಪತ್ರೆಗೆ ಹೋಗುವವಳು. ಹಾಗಾಗಿ ಅಡುಗೆಮನೆ ನನ್ನ ಪಾಲು, ಅದರ ಪಾಪಗಳೂ ನನ್ನವೇ. ಮಂಗಳವಾರದ ಕಸದ ತೊಟ್ಟಿಯನ್ನು ಎದುರು ಮನೆಯ ಪರದೆ ಸರಿಯುವ ಮೊದಲೇ ಹೊರಗಿಟ್ಟು ಓಡಿಬರುತ್ತಿದ್ದೆ.

‘ಏನರ ಒಂದ್ ಹಾಕಿ ಕೊಟ್ಟ ಬರ್ರಿ. ನಂಗ ನಾಚಿಕಿ ಬರಾಕತ್ತೇತಿ’ ಎಂದಳು ಗಿರಿಜಾ.

‘ಫ್ರೆಂಚರು ಊಟದಾಗ ಭಾಳ ನಾಜೂಕು. ನಮ್ಮ ಖಾರ ತಡಿಯೂದಿಲ್ಲ.’

‘ನಿಮಗ ಎಷ್ಟ ಮಂದಿ ಫ್ರೆಂಚರ ಗೊತ್ತದಾರ?’

‘ಒಬ್ರು. ಇವರ.’

ನಾನು ತಯಾರಿಯಿಲ್ಲದೆ ಯಾರ ಮನೆಗೂ ಹೋಗುವವನಲ್ಲ. ಲೈಬ್ರರಿಯಿಂದ ಫ್ರಾನ್ಸಿನ ಪುಸ್ತಕ ತಂದು ಓದಿದೆ. ಐಫೆಲ್ ಗೋಪುರವನ್ನು ಇಪ್ಪತ್ತು ವರ್ಷಕ್ಕೆಂದು ಕಟ್ಟಿದ್ದರಂತೆ. ಆಮೇಲೆ ರೇಡಿಯೋ ತಂತಿ ಕಟ್ಟಲು ಅನುಕೂಲವೆಂದು ಬಿಟ್ಟುಕೊಂಡರಂತೆ. ನಮ್ಮ ಮನೆಯ ಹಳೆಯ ಸೋಫಾ ಉಳಿದದ್ದೂ ಹೀಗೆಯೇ, ಒಗೆದ ಬಟ್ಟೆ ಹಾಕಲು ಬೇಕಾಗುತ್ತದೆಂದು. ನಾರ್ಮಂಡಿ, ಬ್ರಿಟನಿ, ಅಲ್ಸಾಸ್ ಎಂದು ಪ್ರಾಂತ್ಯಗಳನ್ನೆಲ್ಲ ಬಾಯಿಪಾಠ ಮಾಡಿದೆ. ಭಾನುವಾರ ಮೆಣಸಿನಕಾಯಿಯನ್ನೇ ಹಾಕದೆ ಉಪ್ಪಿಟ್ಟು ಮಾಡಿದೆ. ಅದನ್ನು ರುಚಿ ನೋಡಿದ ಮಗಳು ‘ಡ್ಯಾಡ್, ಈಸ್ ಸಮ್‌ಬಡಿ ಸಿಕ್?’ ಎಂದು ಕೇಳಿದಳು.

ಉಪ್ಪಿಟ್ಟನ್ನು ಆ ಡಬ್ಬಿಗೆ ತುಂಬಿಕೊಂಡು ಎದುರು ಮನೆಗೆ ಹೋದೆ. ಕ್ಲೋಡಿನ್ ಎರಡು ಚಮಚ ತಿಂದು, ‘ತುಂಬಾ ಮೃದುವಾಗಿದೆ’ ಎಂದರು. ನಾನು ಹಿಗ್ಗಿ, ನಿಮ್ಮದು ಫ್ರಾನ್ಸಿನ ಯಾವ ಪ್ರಾಂತ್ಯ, ನಾರ್ಮಂಡಿಯೋ ಎಂದು ಕೇಳಿದೆ. ಆಕೆ ನಕ್ಕು ಗೋಡೆಯ ನಕ್ಷೆಯ ಹತ್ತಿರ ಕರೆದೊಯ್ದರು. ಬೆರಳು ಪ್ಯಾರಿಸ್ ದಾಟಿತು, ಆಫ್ರಿಕಾ ದಾಟಿತು, ಮಡಗಾಸ್ಕರ್ ಕೂಡ ದಾಟಿ ನಮ್ಮ ಹಿಂದೂ ಮಹಾಸಾಗರದಲ್ಲಿ ಒಂದು ಚುಕ್ಕೆಯ ಮೇಲೆ ನಿಂತಿತು. ರಿಯೂನಿಯನ್ ದ್ವೀಪ. ಉರಿಯುವ ಜ್ವಾಲಾಮುಖಿ ಇದೆ, ಮಾರಿಯಮ್ಮನ ಗುಡಿ ಇದೆ, ಚೀಲದಲ್ಲಿ ಯೂರೋ ಇದೆ, ಪೂರ್ತಿ ಫ್ರಾನ್ಸೇ! ಅಲ್ಲಿ ಗುಲಾಮಗಿರಿ ರದ್ದಾದ ಮೇಲೆ ಕಬ್ಬು ಕಡಿಯಲು ತಮಿಳುನಾಡಿನಿಂದ ಹಡಗಿನಲ್ಲಿ ಬಂದವರಂತೆ ಆಕೆಯ ಮುತ್ತಜ್ಜ. ದಕ್ಷಿಣ ಅಮೆರಿಕದಲ್ಲೂ ಫ್ರಾನ್ಸಿನದೊಂದು ತುಂಡಿದೆ, ಹಾಗಾಗಿ ಫ್ರಾನ್ಸಿನ ಅತಿ ಉದ್ದದ ಗಡಿ ಇರುವುದು ಬ್ರೆಜಿಲಿನ ಜೊತೆಗೆ ಎಂದೂ ಹೇಳಿದರು. ನನ್ನ ಪುಸ್ತಕದ ಕೊನೆಯ ಪುಟಗಳಲ್ಲಿ ಇದೆಲ್ಲ ಇದ್ದಿರಬೇಕು. ನಾನು ಉಪ್ಪಿಟ್ಟಿಗೆ ಹೊತ್ತಾಯಿತೆಂದು ಅರ್ಧಕ್ಕೇ ಮುಚ್ಚಿದ್ದೆ.

ಮಾತಾಡುತ್ತಲೇ ಆಕೆ ಒಂದು ಬಾಟಲಿ ತೆರೆದು, ಎಲೆಕೋಸು, ಕ್ಯಾರೆಟ್ ಹಾಕಿದ ಅರಿಶಿನ ಬಣ್ಣದ ಉಪ್ಪಿನಕಾಯಿಯನ್ನು ನನ್ನ ಉಪ್ಪಿಟ್ಟಿನ ಮೇಲೆ ಸುರಿದುಕೊಂಡು ನೆಮ್ಮದಿಯಾಗಿ ತಿಂದರು. ‘ಇದನ್ನು ಅವತ್ತೇ ಕೊಡಬೇಕಿತ್ತು. ನೀವು ಇಪ್ಪತ್ತು ವರ್ಷದಿಂದ ಅಮೆರಿಕದಲ್ಲಿದ್ದೀರಿ, ಖಾರ ಆಗುವುದಿಲ್ಲವೇನೋ ಎಂದು ಕೇಕು ಮಾಡಿದೆ’ ಎಂದರು.

ನನಗೆ ಎಲ್ಲಿಲ್ಲದ ಅಭಿಮಾನ ಬಂತು. ‘ನಾನು ಬ್ಯಾಡಗಿಯವನು. ಇಡೀ ದೇಶಕ್ಕೆ ಮೆಣಸಿನಕಾಯಿ ಕಳಿಸುವ ಊರು!’ ಎಂದೆ. ಆಕೆ ಅದೇ ಡಬ್ಬಿಯನ್ನು ತೊಳೆದು, ಉಪ್ಪಿನಕಾಯಿಯನ್ನು ಗಂಟಲಮಟ್ಟ ತುಂಬಿ, ‘ನಮ್ಮಲ್ಲಿ ಬಂದವರನ್ನು ಬರಿಗೈಲಿ ಕಳಿಸುವುದಿಲ್ಲ’ ಎಂದು ಕೈಗಿತ್ತರು.

ಹೀಗೆ ಕೊಟ್ಟು ಬರಲು ಹೋದ ಡಬ್ಬಿ ನನ್ನೊಂದಿಗೇ ಮನೆಗೆ ಬಂತು. ಮಧ್ಯಾಹ್ನದ ಊಟಕ್ಕೆ ದೊಡ್ಡ ಚಮಚ ಹಾಕಿಕೊಂಡೆ. ‘ಸ್ವಲ್ಪ ಹಾಕ್ಕೋರಿ’ ಎಂದಳು ಗಿರಿಜಾ. ‘ಬ್ಯಾಡಗ್ಯಾವಗ ಹೇಳ್ತೀಯಾ?’ ಎಂದೆ. ಎರಡನೆಯ ತುತ್ತಿಗೆ ಕಿವಿಯಲ್ಲಿ ಗಾಳಿ ಹೊಕ್ಕಂತಾಯಿತು, ಕಣ್ಣು ಕಾಣಿಸಲಿಲ್ಲ. ಗಿರಿಜಾ ಮೊಸರಿನ ಡಬ್ಬವನ್ನೇ ಮುಂದಿಟ್ಟಳು. ‘ಡ್ಯಾಡ್, ಯು ಆರ್ ಸೋ ರೆಡ್!’ ಎಂದು ಮಗಳು ಬೆರಗಾದಳು.

ಬ್ಯಾಡಗಿ ಮೆಣಸಿನಕಾಯಿಯ ಹೆಸರಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಆ ಮಟ್ಟಿಗೆ ನಾನು ಊರಿನ ಮರ್ಯಾದೆ ಉಳಿಸಿದೆ.