ಸರಾಸರಿ ಮಹಿಳೆಯೂ ನಮ್ಮ ಪದ್ಮಕ್ಕನೂ

ಕಾಲೇಜಿನಲ್ಲಿ ಗೃಹವಿಜ್ಞಾನ ಓದುವಾಗ ನನಗೆ ‘ಸರಾಸರಿ ಮಹಿಳೆ’ ಎಂಬ ಒಬ್ಬ ಹೆಂಗಸಿನ ಪರಿಚಯವಾಯಿತು. ಪಠ್ಯಪುಸ್ತಕದ ಪುಟಪುಟದಲ್ಲೂ ಅವಳೇ. ಅವಳಿಗೆ ಇಷ್ಟು ಬೇಳೆ ಬೇಕು, ಇಷ್ಟು ಸೊಪ್ಪು ಬೇಕು, ಇಷ್ಟು ಹಾಲು ಬೇಕು ಎಂದು ಬರೆದಿತ್ತು. ಅವಳು ಎಷ್ಟು ಹೊತ್ತಿಗೆ ಉಣ್ಣುತ್ತಾಳೆ, ಯಾರು ಉಂಡಮೇಲೆ ಉಣ್ಣುತ್ತಾಳೆ, ಅಷ್ಟರಲ್ಲಿ ಗಡಿಗೆಯ ತಳದಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಮಾತ್ರ ಬರೆದಿರಲಿಲ್ಲ. ಎಂಬತ್ತರ ದಶಕದ ಕೊನೆಗೆ ಮದುವೆಯಾಗಿ ಚಿಕ್ಕೋಡಿಯಿಂದ ಕೃಷ್ಣೆಯ ದಂಡೆಯ ಜುಗೂಳಕ್ಕೆ ಬಂದಾಗ, ಇಲ್ಲಿಯಾದರೂ ಅವಳು ಸಿಕ್ಕಾಳೆಂದು ಹುಡುಕಿದೆ. ಸಿಗಲಿಲ್ಲ. ಒಬ್ಬಳು ಬೆಳಿಗ್ಗೆಯೇ ಕಟಕ ರೊಟ್ಟಿ ಮುರಿದು ಮೊಸರಿನಲ್ಲಿ ಕಲಸಿ ಉಂಡು ಹೊಲಕ್ಕೆ ನಡೆಯುವವಳು. ಇನ್ನೊಬ್ಬಳು ಮಧ್ಯಾಹ್ನದವರೆಗೆ ಬರೀ ಚಹಾದ ಮೇಲೆ ಬದುಕುವವಳು. ಇಬ್ಬರನ್ನೂ ಕೂಡಿಸಿ ಭಾಗಿಸಿದರೆ ಬರುವವಳಿಗೆ ಜುಗೂಳದಲ್ಲಿ ಮನೆಯೇ ಇರಲಿಲ್ಲ.

ನಮ್ಮ ಅತ್ತೆಯವರ ಹತ್ತಿರವೂ ಹೆಂಗಸರನ್ನು ಅಳೆಯುವ ಒಂದು ಮಾಪು ಇತ್ತು. ಅದು ಸ್ವತಃ ಅವರೇ. ನಮ್ಮದು ಜೈನರ ಮನೆ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂದರೆ ಅತ್ತೆ ಹತ್ತು ದಿನವೂ ಕಾದಾರಿದ ನೀರಿನ ಮೇಲೆಯೇ ಇರುತ್ತಿದ್ದರು. ಕೊನೆಯ ದಿನವೂ ಬಸದಿಯ ಮೆಟ್ಟಿಲನ್ನು ನನಗಿಂತ ಬೇಗ ಹತ್ತಿ, ಮೇಲೆ ನಿಂತು, ಎರಡು ಸಲ ತಿಂದು ಏದುಸಿರು ಬಿಡುತ್ತ ಬರುವ ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಹೀಗಿರುವಾಗ ನನ್ನ ನೆಗೆಣ್ಣಿ, ಅಂದರೆ ಮನೆಯ ಹಿರಿಯ ಸೊಸೆ ಪದ್ಮಕ್ಕ, ಆ ವರ್ಷ ತಾನೂ ಹತ್ತು ದಿನದ ಉಪವಾಸ ಮಾಡುತ್ತೇನೆಂದಳು. ಅತ್ತೆ ಹಿಗ್ಗಿದರು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಯಿತು.

ಪರ್ವಕ್ಕೆ ಮುಂಚೆ ಹಾಸಿಗೆ, ಹೊದಿಕೆಯನ್ನೆಲ್ಲ ಹೊಳೆಗೆ ಒಯ್ದು ಒಗೆಯುವುದು ನಮ್ಮ ಮನೆಯ ರೂಢಿ. ಕೌದಿಗಳೆಂದರೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ ಅತ್ತೆಯೇ ಹೊಲಿದವು. ಒಣಗಿದ್ದಾಗಲೇ ಭಾರ, ನೆನೆದರೆ ಎಮ್ಮೆಯ ಕರು. ಒಬ್ಬರಿಂದ ಹಿಂಡಲಾಗದು. ಒಂದು ತುದಿಯನ್ನು ಪದ್ಮಕ್ಕ ತೋಳಿಗೆ ಸುತ್ತಿಕೊಂಡು ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದಳು, ಇನ್ನೊಂದು ತುದಿ ಹಿಡಿದು ನಾನು ಮೇಲಿದ್ದೆ. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ನಾನು ಬಲಕ್ಕೆ ತಿರುವಿದೆ, ಅವಳು ಎಡಕ್ಕೆ ತಿರುವಬೇಕಿತ್ತು. ತಿರುವಲಿಲ್ಲ. ಏನೋ ಹೇಳುವವಳಂತೆ ನನ್ನ ಮುಖ ನೋಡಿದಳು, ಕಣ್ಣು ಮೇಲೆ ಹೋಯಿತು, ಹಾಗೆಯೇ ಹಿಂದಕ್ಕೆ ಹೊಳೆಯ ಕಡೆ ವಾಲಿದಳು.

ಆ ಗಳಿಗೆ ನನ್ನೊಳಗೆ ಇನ್ನೂ ಮುಗಿದಿಲ್ಲ. ಈಗ ಮನೆಯಲ್ಲಿ ಬಟ್ಟೆ ಹಿಂಡುವುದಕ್ಕೆ ಯಂತ್ರವಿದೆ. ಅದು ಗಡಗಡ ನಡುಗಲು ತೊಡಗಿದರೆ ನಾನು ಓಡಿಹೋಗಿ ಎರಡೂ ಕೈಯಿಂದ ಅದನ್ನು ಹಿಡಿದುಕೊಳ್ಳುತ್ತೇನೆ. ಮಕ್ಕಳು ನಗುತ್ತಾರೆ. ಅಂದು ನಾನು ಕೌದಿಯನ್ನು ಬಿಡಲಿಲ್ಲ, ಅವಳ ತೋಳಿಗೆ ಅದು ಸುತ್ತಿಕೊಂಡಿತ್ತು, ಸೊಂಟದ ಮಟ ನೀರಿಗಿಳಿದ ಅವಳನ್ನು ಪಕ್ಕದ ಹೆಂಗಸರು ಬಂದು ಎಳೆದುಕೊಂಡರು. ಚಿಕ್ಕ ಸೊಸೆ ಎಂಥ ಗಟ್ಟಿಗಿತ್ತಿ, ಜೀವ ಉಳಿಸಿದಳು ಎಂದು ಊರೆಲ್ಲ ಹೊಗಳಿತು. ನಿಜ ಹೇಳಬೇಕೆಂದರೆ, ಮೇಲಿನ ಮೆಟ್ಟಿಲಲ್ಲಿ ಅತ್ತೆ ಕುಳಿತಿದ್ದರು. ಅವರ ಕಣ್ಣೆದುರಿಗೆ ಅವರ ಕೌದಿ ಹೊಳೆಪಾಲಾದರೆ ಏನು ಗತಿ ಎಂಬ ಭಯವೇ ನನ್ನ ಮುಷ್ಟಿಯನ್ನು ಬಿಗಿಹಿಡಿದಿತ್ತು. ಜೀವ ಉಳಿಸಿದ್ದು ನಾನಲ್ಲ, ಅತ್ತೆಯ ಹೆದರಿಕೆ.

ಪದ್ಮಕ್ಕ ಕಣ್ಣು ಬಿಟ್ಟಮೇಲೆ ಅತ್ತೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು, “ಇವತ್ತ ಯಾವ ಉಪಾಸ ಹಿಡದಿದ್ದಿ?”

“ಇಲ್ಲ್ರೀ ಅತ್ತಿ, ಯಾವದೂ ಇಲ್ಲ.”

“ನಿನ್ನಿ ಸಂಜೀಕ ಏನ ಉಂಡಿ?”

“ಅವರ ಹಾದಿ ಕಾಯ್ಕೋತ ಕುಂತೆ. ಹೊತ್ತ ಮುಳುಗಿತ್ರೀ.”

“ಮೊನ್ನಿ?”

ಪದ್ಮಕ್ಕ ನಕ್ಕಳು. ಅತ್ತೆಯ ಮುಖ ಬಿಳಿಚಿತು.

ನಮ್ಮ ಮನೆಯಲ್ಲಿ ಎರಡು ನೇಮಗಳಿದ್ದವು. ಹೊತ್ತು ಮುಳುಗಿದ ಮೇಲೆ ಅನ್ನ ಹಾಗಿರಲಿ, ನೀರನ್ನೂ ಮುಟ್ಟುವಂತಿಲ್ಲ. ಗಂಡ ಉಣ್ಣದೆ ಹೆಂಡತಿ ಉಣ್ಣುವಂತಿಲ್ಲ. ಬೇರೆ ಬೇರೆಯಾಗಿ ನೋಡಿದರೆ ಎರಡರಲ್ಲೂ ಅಂಥ ದೋಷವಿಲ್ಲ. ನನ್ನವರು ಊರಿನ ಶಾಲೆಯ ಮಾಸ್ತರರು. ಶಾಲೆ ಬಿಟ್ಟೊಡನೆ ಹಸಿದು ಬರುವರು, ಹಾಗಾಗಿ ನನಗೆ ಈ ನೇಮಗಳು ಎಂದೂ ಚುಚ್ಚಲಿಲ್ಲ. ಭಾವನವರದು ಕಾಗವಾಡದಲ್ಲಿ ಗೊಬ್ಬರದ ಅಂಗಡಿ. ಅವರು ಧರ್ಮ ಬಿಟ್ಟವರಲ್ಲ. ಕೆಲಸ ಹೆಚ್ಚಿದ ದಿನ ಅಲ್ಲಿಯೇ ಸೋದರತ್ತೆಯ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಉಂಡು, ಕೊನೆಯ ಬಸ್ಸಿಗೆ ಬರುತ್ತಿದ್ದರು. ಯಾವ ದಿನ ಕೆಲಸ ಹೆಚ್ಚೆಂದು ಪದ್ಮಕ್ಕನಿಗೆ ಹೇಗೆ ಗೊತ್ತಾಗಬೇಕು? ಬಸ್ಸಿನ ಹಾದಿ ನೋಡುತ್ತ ಕೂರುವಳು, ಸೂರ್ಯ ಮುಳುಗುವನು, ರೊಟ್ಟಿಯನ್ನು ಮುಚ್ಚಿಡುವಳು. ವಾರದಲ್ಲಿ ಮೂರು ನಾಲ್ಕು ದಿನ ಹೀಗೆ, ವರ್ಷಗಟ್ಟಲೆ. ಅದಕ್ಕೆ ಯಾರೂ ಉಪವಾಸವೆಂದು ಹೆಸರಿಡಲಿಲ್ಲ, ಮೆರವಣಿಗೆ ತೆಗೆಯಲಿಲ್ಲ.

ಡಾಕ್ಟರು ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ಉಪವಾಸದ ಮಾತೇ ಬೇಡ ಎಂದರು. ಆದರೆ ಪದ್ಮಕ್ಕನ ಚಿಂತೆ ಬೇರೆ. ಓಣಿಗೆಲ್ಲ ಗೊತ್ತಾಗಿದೆ, ಹಿಂದೆ ಸರಿದರೆ ಮುಖ ಎತ್ತಿ ಬಸದಿಗೆ ಹೋಗುವುದು ಹೇಗೆ? ನಾನು ಕಬ್ಬಿಣದ ಅಂಶ, ಸಸಾರಜನಕ ಎಂದು ಮೂರು ಹೊತ್ತೂ ಉಪನ್ಯಾಸ ಕೊಟ್ಟೆ. ಅವಳು ಅಕ್ಕಿ ಆರಿಸುತ್ತ ಕೇಳಿ, ನಿನಗೆ ಗಂಟಲು ನೋಯುವುದಿಲ್ಲವೇ ಎಂದು ವಿಚಾರಿಸಿದಳು. ಅತ್ತೆ ಮಾತೇ ಆಡುತ್ತಿರಲಿಲ್ಲ. ಪರ್ವ ಹತ್ತಿರ ಬಂದಂತೆ ನನಗೆ ಹೊಳೆಯ ಕೆಂಪು ನೀರೇ ಕಣ್ಣೆದುರಿಗೆ.

ಪರ್ವದ ಮೊದಲ ದಿನ ಬಸದಿಯಲ್ಲಿ ಹೆಂಗಸರು ಒಬ್ಬೊಬ್ಬರೇ ಪಂಡಿತರ ಮುಂದೆ ನಿಂತು ಏನನ್ನು ತ್ಯಾಗ ಮಾಡುತ್ತೇವೆಂದು ಹೇಳಿ ವ್ರತ ಹಿಡಿಯುವುದು ವಾಡಿಕೆ. ಒಬ್ಬಳು ಉಪ್ಪು ಬಿಟ್ಟಳು, ಒಬ್ಬಳು ಹಾಲು ಬಿಟ್ಟಳು. ನಾನು ತುಪ್ಪ ಬಿಟ್ಟೆ. ನನ್ನ ಮೈ ನೋಡಿದವರು ಅದನ್ನು ತ್ಯಾಗವೆನ್ನದೆ ಚಿಕಿತ್ಸೆ ಎಂದಿರಬೇಕು. ಪದ್ಮಕ್ಕನ ಸರದಿ ಬಂತು. ಎಲ್ಲರೂ ಕತ್ತು ಮುಂದೆ ಚಾಚಿದರು.

“ನಾ ಹಾದಿ ಕಾಯೂದ ತ್ಯಾಗ ಮಾಡತೀನ್ರಿ,” ಎಂದಳು ಪದ್ಮಕ್ಕ. “ಅವರು ಬರಲಿ ಬಿಡಲಿ, ಹೊತ್ತ ಮುಳುಗೂದರಾಗ ಹೊಟ್ಟಿತುಂಬ ಉಣತೀನಿ.”

ಹಿಂದೆ ಯಾರೋ ಕಿಸಕ್ಕೆಂದರು. ಪಂಡಿತರಿಗೆ ಇಂಥ ವ್ರತ ಕೊಟ್ಟು ರೂಢಿಯಿಲ್ಲ. ತಡವರಿಸಿ, ಹತ್ತು ದಿನಕ್ಕೋ ಎಂದು ಕೇಳಿದರು.

“ಇಲ್ಲ್ರೀ. ಇರೂ ತನಕ.”

ಪಂಡಿತರು ಅತ್ತೆಯ ಕಡೆ ನೋಡಿದರು. ಇಡೀ ಬಸದಿಯೇ ನೋಡಿತು. ಅತ್ತೆ ಎದ್ದು ಬಂದು ಸೊಸೆಯ ಪಕ್ಕದಲ್ಲಿ ನಿಂತರು.

“ಕೊಡ್ರಿ ಆಕಿಗೆ,” ಎಂದರು. “ನನಗ ಊಟ ಬಿಡೂದ ಏನೂ ತ್ರಾಸಿಲ್ಲ, ಬಿಡತೀನಿ. ಆಕಿಗೆ ಕಾಯೂದ ಬಿಡೂದ ತ್ರಾಸ ಐತಿ. ಯಾರಿಗೆ ಯಾವದ ತ್ರಾಸೋ ಅದ ಅವರ ತ್ಯಾಗ.”

ಪಂಡಿತರು ಮಂತ್ರ ಹೇಳಿ ಅಕ್ಷತೆ ಹಾಕಿದರು. ದೇವರ ಮುಂದೆ ಹಿಡಿದ ವ್ರತವನ್ನು ಗಂಡನೂ ಮುರಿಯಿಸುವಂತಿಲ್ಲ. ನಮ್ಮ ಪದ್ಮಕ್ಕನ ಹಿಂದೆ ಸಾಲಿನಲ್ಲಿದ್ದ ಇಬ್ಬರು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಮ್ಮ ವ್ರತವನ್ನು ಅಲ್ಲಿಯೇ ಬದಲಿಸಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಕಾಲೇಜಿನಲ್ಲಿ ಪದವಿ ತೆಗೆದುಕೊಂಡ ದಿನವೂ ಅಷ್ಟು ನೆಟ್ಟಗೆ ನಡೆದವಳಲ್ಲ ನಾನು.

ಅಂದು ಸಂಜೆ ಅಡುಗೆಮನೆಯಲ್ಲಿ ಪದ್ಮಕ್ಕ ತಾಟು ಹಾಕಿಕೊಂಡು ಕುಳಿತಳು. ಬಿಸಿ ರೊಟ್ಟಿ, ಹೆಸರುಬೇಳೆ, ಗಟ್ಟಿ ಮೊಸರು. ನಾನೇ ಬಡಿಸಿದೆ. ಮೊದಲ ತುತ್ತಿಗೆ ಅವಳ ಕಣ್ಣು ರೂಢಿಯಂತೆ ಬಾಗಿಲ ಕಡೆ ಹೋಯಿತು. ಮತ್ತೆ ತಾಟಿಗೆ ಬಂತು, ಆಮೇಲೆ ಏಳಲಿಲ್ಲ. ನಾನು ರೊಟ್ಟಿ ಹಾಕುತ್ತ, ಮೊಸರು ಸುರಿಯುತ್ತ, ಇನ್ನೊಂದು ಎಂದು ಜುಲುಮೆ ಮಾಡುತ್ತ, ಅವಳು ಉಣ್ಣುವುದನ್ನು ಕಣ್ತುಂಬ ನೋಡುತ್ತ ನಿಂತೆ. ಅವಳು ತಾಟು ಬಳಿದು ಎದ್ದಳು, ಕೈ ತೊಳೆದಳು. ಹೊರಗೆ ಹೊತ್ತು ಮುಳುಗಿತು.

ಅತ್ತೆ ಬಾಗಿಲಲ್ಲಿ ನಿಂತು, ನನ್ನ ತೊಳೆದಿಟ್ಟ ಒಣ ತಾಟನ್ನೂ ನನ್ನ ಮುಖವನ್ನೂ ನೋಡಿದರು.

“ನೀ ಉಂಡೀ ಏನ ಬೇ?”

ನಾನು ಹೊರಗಿನ ಮಬ್ಬುಗತ್ತಲೆಯ ಕಡೆ ನೋಡಿದೆ.

“ಕಾಲೇಜ ಕಲತಾಕಿ ನೀ. ಊರ ಮಂದಿ ಹೊಟ್ಟೀ ಲೆಕ್ಕ ಎಲ್ಲಾ ಗೊತ್ತೈತಿ, ತನ್ನದೊಂದ ಬಿಟ್ಟು.”

ತಕ್ಕ ಉತ್ತರ ಕೊಡೋಣವೆಂದರೆ ಗಂಟಲು ಒಣಗಿತ್ತು. ಒಂದು ಗುಟುಕು ನೀರು ಕುಡಿಯುವಂತೆಯೂ ಇರಲಿಲ್ಲ.